ಶಾಲೆಯ ಸೇವೆ ಮತ್ತು ಊರಿನ ನೀರು

(ಹತ್ತಿಕುಣಿಯಲ್ಲಿ ಸುತ್ತಲಿನ ಶಾಲೆಗಳ ಅಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ಗುಡ್ಡಗಾಡಿನಿಂದ ಬಂದಿದ್ದ ನಮ್ಮ ಬಳಗದ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಕ್ರೈಸ್ತ ಶಾಲೆಗಳಲ್ಲಿ ನಡೆದುಬಂದಿರುವ ಸಮುದಾಯ ಸೇವೆಯನ್ನು ಕುರಿತು, ಅದರಲ್ಲಿಯೂ ಈಚೆಗೆ 'ಸೇವಾ ಕಲಿಕೆ' ಎಂದು ಕರೆಯಲ್ಪಡುತ್ತಿರುವ ಶಿಕ್ಷಣ ಕ್ರಮವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ನಾನು ಯಾವ ಮಿಷನ್ ಸಂಸ್ಥೆಯ ವಕ್ತಾರನೂ ಅಲ್ಲ, ವಿರೋಧಿಯೂ ಅಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಈ ವಿಷಯವನ್ನು ಮತದ ಕಡೆಯಿಂದ ನೋಡದೆ, ಶಾಲೆಗೂ ಊರಿಗೂ ಇರಬೇಕಾದ ಸಂಬಂಧದ ಕಡೆಯಿಂದ ನೋಡುತ್ತೇನೆ.

ಮಲೆನಾಡಿನಿಂದ ಬಂದ ಗೆಳೆಯರಿಗೆ ನಮ್ಮ ಹತ್ತಿಕುಣಿಯ ಗುಡ್ಡಗಳು ಗುಡ್ಡಗಳೆಂದೇ ಅನ್ನಿಸಿರಲಾರವು. ಬಂಡೆ, ಕುರುಚಲು, ನಡುವೆ ಹಳ್ಳಕ್ಕೆ ಅಡ್ಡವಾಗಿ ಕಟ್ಟಿದ ಒಂದು ಜಲಾಶಯ, ಅದರ ಕೆಳಗೆ ಒಂದಿಷ್ಟು ಹಸಿರು, ಇಷ್ಟೇ ನಮ್ಮ ಸಂಪತ್ತು. ಆಗುಂಬೆಯಲ್ಲಿ ಸುರಿಯುವ ಮಳೆಯ ಹತ್ತನೆಯ ಒಂದು ಪಾಲಿನ ಆಸುಪಾಸು ನಮ್ಮಲ್ಲಿ ಬೀಳುತ್ತದೆ. ಆದರೂ ನಿಮ್ಮ ಬೆಟ್ಟದ ಪ್ರಶ್ನೆಯೂ ನಮ್ಮ ಬಯಲಿನ ಪ್ರಶ್ನೆಯೂ ಒಂದೇ ಆಗಿದೆ. ನೀರು ಯಾರದು, ಅದನ್ನು ಕುರಿತು ತಿಳಿದವರು ಯಾರು, ತಿಳಿದದ್ದನ್ನು ಊರಿಗೆ ಹೇಳುವವರು ಯಾರು?

2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83 ಮಾತ್ರ. ರಾಜ್ಯದ ಜಿಲ್ಲೆಗಳಲ್ಲಿ ಅದೇ ಕೊನೆಯ ಸ್ಥಾನ. ಅದೇ ಗಣತಿಯಲ್ಲಿ ರಾಜ್ಯದ ಸರಾಸರಿ ಶೇಕಡಾ 75ಕ್ಕಿಂತ ಮೇಲಿತ್ತು. ಈ ಅಂಕಿಯನ್ನು ಹಿಡಿದು ನಮ್ಮ ಜನರನ್ನು ಹಿಂದುಳಿದವರೆಂದು ಮರುಕದಿಂದ ನೋಡುವವರಿಗೆ ಕೊರತೆಯಿಲ್ಲ. ಆದರೆ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬದ ಮಗು ಶಾಲೆಯ ಹಾಜರಿ ಪುಸ್ತಕದಿಂದ ಹೇಗೆ ಮರೆಯಾಗುತ್ತದೆಂಬುದನ್ನು ಕಣ್ಣಾರೆ ಕಂಡವರಿಗೆ ಆ ಅಂಕಿ ಜನರ ಮೇಲಿನ ತೀರ್ಪಾಗಿ ಕಾಣುವುದಿಲ್ಲ, ಶಾಲೆಯ ಮೇಲಿನ ತೀರ್ಪಾಗಿ ಕಾಣುತ್ತದೆ. ಶಾಲೆ ಊರಿನಲ್ಲಿದೆ, ಊರು ಶಾಲೆಯಲ್ಲಿಲ್ಲ. ಸೇವಾ ಕಲಿಕೆಯೆಂಬುದು ಮುಟ್ಟಬೇಕಾದದ್ದು ಈ ಕೊರತೆಯನ್ನು.

ಮೊದಲು ಆ ಪದದ ಅರ್ಥವನ್ನು ನೋಡೋಣ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಊರಿನ ಬೀದಿ ಗುಡಿಸುವುದು ಸೇವೆ ಇರಬಹುದು; ಅದರಲ್ಲಿ ಕಲಿಕೆ ಇರಬೇಕೆಂಬ ನಿಯಮವಿಲ್ಲ. ಮಕ್ಕಳನ್ನು ಕೆರೆಗೆ ಕರೆದೊಯ್ದು ಪಕ್ಷಿಗಳ ಹೆಸರು ಬರೆಸುವುದು ಕಲಿಕೆಯಾದೀತು. ಅದರಿಂದ ಕೆರೆಗಾಗಲಿ ಕೆರೆಯ ಕೆಳಗಿನ ರೈತನಿಗಾಗಲಿ ಆಗುವುದೇನೂ ಇಲ್ಲ. ಸೇವಾ ಕಲಿಕೆಯಲ್ಲಿ ಊರು ತಾನೇ ಬಾಯಿಬಿಟ್ಟು ಹೇಳಿದ ಅಗತ್ಯವಿರಬೇಕು, ಆ ಅಗತ್ಯಕ್ಕೂ ತರಗತಿಯ ಪಾಠಕ್ಕೂ ನೇರವಾದ ನಂಟಿರಬೇಕು, ಕೆಲಸ ಮುಗಿದ ಮೇಲೆ ಮಕ್ಕಳು ಕುಳಿತು, ತಾವು ಮಾಡಿದ್ದೇನು, ಅದರಿಂದ ಯಾರಿಗೆ ಏನಾಯಿತು ಎಂದು ವಿಚಾರ ಮಾಡಬೇಕು. ಈ ಕೊನೆಯದನ್ನೇ ನಮ್ಮ ಶಾಲೆಗಳು ಬಿಟ್ಟುಬಿಡುತ್ತವೆ. ಗಂಟೆ ಹೊಡೆಯಿತೆಂದರೆ ಸೇವೆ ಮುಗಿಯಿತು.

ಈ ಪದವನ್ನು 1967ರ ಸುಮಾರಿಗೆ ಅಮೆರಿಕದಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಎಂಬುವರು ಬಳಕೆಗೆ ತಂದರು. ಪೂರ್ವ ಟೆನೆಸೀ ಪ್ರಾಂತ್ಯದ ಗುಡ್ಡಗಾಡಿನಲ್ಲಿ, ಓಕ್ ರಿಜ್ ಎಂಬ ಊರಿನ ವಿದ್ಯಾಸಂಸ್ಥೆಗಳ ಒಕ್ಕೂಟವು ಕಾಲೇಜು ವಿದ್ಯಾರ್ಥಿಗಳನ್ನು ಉಪನದಿಗಳ ಕಣಿವೆಯ ಗ್ರಾಮೀಣ ಸಂಘಗಳೊಡನೆ ಕೆಲಸಕ್ಕೆ ಹಚ್ಚಿದಾಗ ಹುಟ್ಟಿದ ಮಾತು ಇದು. ಇಲ್ಲಿ ಒಂದು ಕಾಕತಾಳೀಯ ಸಂಗತಿಯಿದೆ. ಯಾದಗಿರಿ ಪಟ್ಟಣದಲ್ಲಿ ಹಿರಿಯರೆಲ್ಲರೂ ಬಲ್ಲ ಹೋಲ್ಸ್‌ಟನ್ ಆಸ್ಪತ್ರೆಯಿದೆಯಷ್ಟೆ. ಮೆಥೋಡಿಸ್ಟ್ ಮಿಷನ್ನಿನವರು ಕಟ್ಟಿದ ಆ ಆಸ್ಪತ್ರೆಯ ಹೆಸರು ಬಂದದ್ದು ಅದೇ ಪೂರ್ವ ಟೆನೆಸೀ ಸೀಮೆಯ ಮೆಥೋಡಿಸ್ಟ್ ಸಭೆಗಳ ಒಕ್ಕೂಟದಿಂದ. ಇನ್ನೊಂದು ಸಂಗತಿಯನ್ನೂ ಹೇಳದೆ ಬಿಡಲಾರೆ: ಹಿರೋಶಿಮಾದ ಮೇಲೆ ಬಿದ್ದ ಬಾಂಬಿಗೆ ಯುರೇನಿಯಂ ಸಂಸ್ಕರಣೆ ಮಾಡಿದ ಊರೂ ಓಕ್ ರಿಜ್ಜೇ. ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿಯಲ್ಲಿ ಯುರೇನಿಯಂ ಇದೆಯೆಂದು ಅಗೆದು ನೋಡಿದ್ದನ್ನೂ, ಅಲ್ಲಿನ ಜನ ತಮ್ಮ ಹೊಲ ನೀರುಗಳ ಗತಿ ಏನೆಂದು ಪ್ರಶ್ನಿಸಿದ್ದನ್ನೂ ನೀವು ಬಲ್ಲಿರಿ. ಸೇವೆ, ವಿಜ್ಞಾನ, ವಿನಾಶ ಇವು ಒಂದೇ ಊರಿನಲ್ಲಿ ನೆರೆಹೊರೆಯಾಗಿ ಬಾಳಬಲ್ಲವು.

ಪದ ಹೊಸದಾದರೂ ವಿಚಾರ ಹೊಸದಲ್ಲ. ಕಾಯಕ ಮತ್ತು ದಾಸೋಹಗಳನ್ನು ಬೇರೆ ಮಾಡಿ ನೋಡದ ಶರಣರ ನಾಡು ಇದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ತಿರುಳೂ ಇದೇ: ಊರಿಗೆ ಬೇಕಾದ ಕೆಲಸದ ಮೂಲಕವೇ ಗಣಿತ, ವಿಜ್ಞಾನ, ಸಮಾಜ ಪಾಠಗಳು. ಆ ಪ್ರಯೋಗವನ್ನು ಸೇವಾಗ್ರಾಮದಲ್ಲಿ ಹೊತ್ತು ನಡೆಸಿದವರಲ್ಲಿ ಸಿಂಹಳದಿಂದ ಬಂದ ಕ್ರೈಸ್ತರಾದ ಆರ್ಯನಾಯಕಂ ಮತ್ತು ಅವರ ಪತ್ನಿ ಆಶಾದೇವಿ ಪ್ರಮುಖರು. ಕ್ವೇಕರ್ ಪಂಥದ ಮಾರ್ಜರಿ ಸೈಕ್ಸ್ ಅಲ್ಲಿ ದುಡಿದು, ಮುಂದೆ ನೀಲಗಿರಿಯ ಕೋಟಗಿರಿಯಲ್ಲಿ ನೆಲೆಸಿದರು. ಸ್ವಾತಂತ್ರ್ಯದ ನಂತರ ಕೊಠಾರಿ ಆಯೋಗವು ಕಾರ್ಯಾನುಭವ ಮತ್ತು ಸಮಾಜಸೇವೆಯನ್ನು ಶಿಕ್ಷಣದ ಅಂಗವಾಗಿಸಬೇಕೆಂದಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಸೂಚಿಸಿತು. ಅದು ಬಹಳ ಶಾಲೆಗಳಲ್ಲಿ ಮೇಣದ ಬತ್ತಿ ಮಾಡುವ, ಕಾಗದದ ಹೂವು ಕತ್ತರಿಸುವ ಒಂದು ಅವಧಿಯಾಗಿ ಉಳಿಯಿತೆಂಬುದನ್ನು ಇಲ್ಲಿ ಕುಳಿತ ಅಧ್ಯಾಪಕರಿಗೆ ನಾನು ವಿವರಿಸಬೇಕಾಗಿಲ್ಲ.

ಕರ್ನಾಟಕದ ಕ್ರೈಸ್ತ ಸಂಸ್ಥೆಗಳ ಕಡೆಗೆ ಬರೋಣ. ಕರಾವಳಿಯಲ್ಲಿ ಬಾಸೆಲ್ ಮಿಷನ್ ಶಾಲೆ ತೆರೆದಾಗ, ಮತಾಂತರಗೊಂಡು ಜಾತಿಯ ಆಸರೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರಿಗೆ ಕೆಲಸ ಕಲಿಸುವ ಹೊಣೆ ಅದರ ಮೇಲೆ ಬಿತ್ತು. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ ಎಲ್ಲವೂ ಈ ದಾರಿಯಲ್ಲಿ ಬಂದವು. ಮಂಗಳೂರು ಹೆಂಚು ಬಡವರ ಮನೆಗೆ ಬೆಂಕಿ ತಾಗದ ಮಾಡು ಕೊಟ್ಟಿತು ಎಂಬುದು ನಿಜ. ಹೆಂಚಿನ ಗೂಡುಗಳ ಹೊಟ್ಟೆಗೆ ಕಾಡಿನ ಸೌದೆ ಹೋಯಿತು, ನದಿಯಂಚಿನ ಜೇಡಿ ಹೋಯಿತು ಎಂಬುದೂ ನಿಜ. ಸೇವೆಯ ಲೆಕ್ಕವನ್ನು ಬರೆಯುವವರು ಸಾಮಾನ್ಯವಾಗಿ ಜಮೆಯ ಪುಟವನ್ನಷ್ಟೇ ತೋರಿಸುತ್ತಾರೆ. ಪರಿಸರದ ಕಾರ್ಯಕರ್ತರಾದ ನಾವು ಖರ್ಚಿನ ಪುಟವನ್ನೂ ಕೇಳಬೇಕು.

ಇನ್ನೊಬ್ಬರು ಅಗಸ್ಟಸ್ ಮುಲ್ಲರ್. ಜರ್ಮನಿಯ ಈ ಜೆಸ್ವಿಟ್ ಪಾದ್ರಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾದಾಗ ಅಲ್ಲಿ ಪಾಠ ಹೇಳುತ್ತಿದ್ದರು. ಬಿಡುವಿನ ವೇಳೆಯಲ್ಲಿ ಹೋಮಿಯೋಪತಿ ಔಷಧ ಕೊಡಲು ತೊಡಗಿದವರು ಆ ಕೆಲಸದಲ್ಲಿಯೇ ಮುಳುಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಇಂದು ಕಂಕನಾಡಿಯಲ್ಲಿ ಅವರ ಹೆಸರಿನ ದೊಡ್ಡ ಆಸ್ಪತ್ರೆಯಿದೆ. ತರಗತಿಯ ಬಾಗಿಲಲ್ಲಿ ನಿಂತ ರೋಗಿಯನ್ನು ಅಧ್ಯಾಪಕನು ನೋಡಿದನೆಂಬುದರಿಂದ ಅದೆಲ್ಲ ಆರಂಭವಾಯಿತು.

ಗುಡ್ಡಗಾಡಿನ ಗೆಳೆಯರಿಗೆ ಇವರೆಲ್ಲರಿಗಿಂತ ಹತ್ತಿರದವರು ಒಬ್ಬರಿದ್ದಾರೆ. ನಿಮ್ಮ ಮನೆಯ ಹಿತ್ತಲಲ್ಲಿರುವ ಜೇನುಪೆಟ್ಟಿಗೆಯನ್ನು 'ನ್ಯೂಟನ್ ಪೆಟ್ಟಿಗೆ' ಎನ್ನುತ್ತೀರಲ್ಲ, ಆ ನ್ಯೂಟನ್ನರು ಗುರುತ್ವಾಕರ್ಷಣೆಯ ನ್ಯೂಟನ್ನರಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿದ್ದ ಒಬ್ಬ ಪಾದ್ರಿ. ಯುರೋಪಿನ ಜೇನುಪೆಟ್ಟಿಗೆ ನಮ್ಮ ತುಡುವೆ ಜೇನಿಗೆ ಹಿಡಿಸದು, ಅದು ತೀರ ದೊಡ್ಡದು ಎಂಬುದನ್ನು ನೋಡಿ, ಈ ನೆಲದ ನೊಣದ ಅಳತೆಗೆ ತಕ್ಕಂತೆ ಪೆಟ್ಟಿಗೆ ರೂಪಿಸಿ, ಹಳ್ಳಿಯ ಜನರಿಗೆ ತರಬೇತಿ ಕೊಟ್ಟರು. ನಾನು ಈ ಉದಾಹರಣೆಯನ್ನು ಬಹಳ ಮೆಚ್ಚುತ್ತೇನೆ. ಆತ ಹೊರಗಿನಿಂದ ತಂದ ಪೆಟ್ಟಿಗೆಯೊಳಕ್ಕೆ ಜೇನನ್ನು ತುರುಕಲಿಲ್ಲ, ಜೇನನ್ನು ನೋಡಿ ಪೆಟ್ಟಿಗೆಯ ಅಳತೆ ಬದಲಿಸಿದ. ಸೇವೆಗೆಂದು ಹೊರಡುವ ಪ್ರತಿಯೊಂದು ಶಾಲೆಗೂ ಇಷ್ಟು ತಿಳಿದರೆ ಅರ್ಧ ಕೆಲಸವಾದಂತೆ.

ಇದರ ಜೊತೆಗೆ ಕ್ರೈಸ್ತ ವಲಯದೊಳಗೇ ಎದ್ದ ಎರಡು ಕಟುವಾದ ಮಾತುಗಳನ್ನು ನೆನೆಯಬೇಕು. 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕುವೆರ್ನವಾಕಾದಲ್ಲಿ, ಬೇಸಿಗೆಯಲ್ಲಿ ಹಳ್ಳಿಗಳ ಸೇವೆಗೆಂದು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಇವಾನ್ ಇಲಿಚ್ ಮಾತನಾಡಿದರು. ಅವರೂ ಪಾದ್ರಿಯೇ. ನಿಮ್ಮ ಒಳ್ಳೆಯ ಉದ್ದೇಶ ನನಗೆ ಬೇಡ, ಭಾಷೆ ತಿಳಿಯದ ಊರಿಗೆ ಬಂದು ನೀವು ಮಾಡುವ ಉಪಕಾರದಿಂದ ಆ ಊರಿಗೆ ಕೇಡೇ ಆಗುತ್ತದೆ, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂಬುದು ಅವರ ಮಾತಿನ ಸಾರ. ಐದು ವರ್ಷಗಳ ನಂತರ, 1973ರ ಜುಲೈ 31ರಂದು, ಸ್ಪೇನಿನ ವಲೆನ್ಸಿಯಾದಲ್ಲಿ ಜೆಸ್ವಿಟ್ ಸಂಘದ ಮುಖ್ಯಸ್ಥರಾಗಿದ್ದ ಪೇದ್ರೊ ಅರುಪೆ ತಮ್ಮದೇ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ, ನಾವು ನಿಮಗೆ ನ್ಯಾಯಕ್ಕಾಗಿ ಬದುಕುವ ಶಿಕ್ಷಣ ಕೊಟ್ಟೆವೇ ಎಂದು ಕೇಳಿ, ಇಲ್ಲ ಎಂದು ತಾವೇ ಉತ್ತರ ಹೇಳಿದರು. ಪರರಿಗಾಗಿ ಬದುಕುವವರನ್ನು ರೂಪಿಸುವುದೇ ಶಾಲೆಯ ಗುರಿಯಾಗಬೇಕೆಂದರು. ಕೇಳುತ್ತಿದ್ದ ಉಳ್ಳವರಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಬಡವರಿಗೆ ಬಟ್ಟೆ ಹಂಚಿರೆಂದರೆ ಯಾರಿಗೂ ಬೇಸರವಿಲ್ಲ. ಬಡತನ ಎಲ್ಲಿಂದ ಬಂತೆಂದು ಕೇಳಿರೆಂದರೆ ಸಭೆ ಬಿಸಿಯಾಗುತ್ತದೆ.

ನಮ್ಮ ರಾಜ್ಯದಲ್ಲಿ ಈ ಮಾತುಗಳನ್ನು ಸ್ವಲ್ಪವಾದರೂ ಕೇಳಿಸಿಕೊಂಡ ಸಂಸ್ಥೆಗಳಿವೆ. ಮಂಗಳೂರಿನ ರೋಶನಿ ನಿಲಯವು 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಅಲ್ಲಿ ಕ್ಷೇತ್ರಕಾರ್ಯ ಪಾಠದ ಹೊರಗಿನದಲ್ಲ, ಪಾಠವೇ. ಬೆಂಗಳೂರಿನ ಕ್ರೈಸ್ಟ್ ಸಂಸ್ಥೆಯಲ್ಲಿ 1999ರಲ್ಲಿ ಸಾಮಾಜಿಕ ಕಾರ್ಯ ಕೇಂದ್ರ ಆರಂಭವಾಯಿತು. ಸಂತ ಅಲೋಶಿಯಸ್ ಕಾಲೇಜು 2009ರಲ್ಲಿ 'ಸಾರಂಗ್' ಎಂಬ ಸಮುದಾಯ ಬಾನುಲಿಯನ್ನು ತೆರೆಯಿತು. ಇವೆಲ್ಲ ನಗರದ ದೊಡ್ಡ ಸಂಸ್ಥೆಗಳು. ನಮ್ಮಂಥ ಊರಿನಲ್ಲಿ ಮೂರು ಕೋಣೆಯ ಶಾಲೆ ನಡೆಸುವವರು ಏನು ಮಾಡಬೇಕು?

ಏನು ಮಾಡಬಾರದೆಂಬುದನ್ನು ಹೇಳುವುದು ಸುಲಭ. ಪ್ರತಿ ವರ್ಷ ಜೂನ್ 5ರಂದು ಅದೇ ಗುಂಡಿಯಲ್ಲಿ ಸಸಿ ನೆಡುವ ಶಾಲೆಗಳನ್ನು ನಾನು ಬಲ್ಲೆ. ಹಿಂದಿನ ವರ್ಷದ ಸಸಿ ಬದುಕಿದ್ದರೆ ಗುಂಡಿ ಖಾಲಿ ಇರುತ್ತಿರಲಿಲ್ಲ. ತಾಂಡಾಕ್ಕೆ ಬಸ್ಸಿನಲ್ಲಿ ಬಂದು, ಹಣ್ಣು ಹಂಚಿ, ಚಿತ್ರ ತೆಗೆಸಿಕೊಂಡು, ಊಟದ ಹೊತ್ತಿಗೆ ಹಿಂತಿರುಗುವವರನ್ನೂ ಬಲ್ಲೆ. ನಮ್ಮ ಕಡೆಯ ತಾಯಂದಿರು ಇದಕ್ಕೆ ಹೇಳುವ ಮಾತು ಸರಳವಾಗಿದೆ: "ನೋಡಿ ಹೋಗೋರು ಭಾಳ ಮಂದಿ ಬರ್ತಾರ್ರೀ ಸರ, ತಿರುಗಿ ಬರೋರು ಯಾರದಾರ?"

ಈ 'ತಿರುಗಿ ಬರುವ' ಪ್ರಶ್ನೆಯೇ ನನ್ನ ಇಂದಿನ ಮಾತಿನ ಮುಖ್ಯ ವಿಷಯ. ಅದಕ್ಕೆ ನಮ್ಮ ಜಿಲ್ಲೆಯ ನೀರಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ.

ಸುರಪುರ ಸೀಮೆಯ ಮಂಗಳೂರು ಎಂಬ ಊರಿನ ಸುತ್ತ (ಇದು ಕರಾವಳಿಯ ಮಂಗಳೂರಲ್ಲ) ಹಟ್ಟಿಯಲ್ಲಿರುವಂತೆ ಚಿನ್ನದ ಅಂಶವುಳ್ಳ ಹಳೆಯ ಶಿಲೆಯ ಪಟ್ಟಿಯೊಂದಿದೆ. ಚಿನ್ನವಿರುವ ಇಂಥ ಕಲ್ಲಿನಲ್ಲಿ ಆರ್ಸೆನಿಕ್ ಕೂಡ ಇರುತ್ತದೆ. ಅದನ್ನೇ ನಾವು ಪಾಷಾಣವೆನ್ನುತ್ತೇವೆ. ತೆರೆದ ಬಾವಿ ಬತ್ತಿ ಕೊಳವೆ ಬಾವಿ ಆಳಕ್ಕೆ ಇಳಿದಂತೆ ಆ ಕಲ್ಲನ್ನು ತೊಳೆದ ನೀರು ಮೇಲೆ ಬಂತು. ಕಿರದಳ್ಳಿ ತಾಂಡಾದ ಲಂಬಾಣಿ ಜನರು ಅದನ್ನು ಕುಡಿದರು. 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ಅಲ್ಲಿನ ನೀರಿನಲ್ಲಿ ಮಿತಿಮೀರಿದ ಆರ್ಸೆನಿಕ್ ಇದ್ದುದನ್ನೂ, ಜನರಲ್ಲಿ ಅದರ ರೋಗಲಕ್ಷಣಗಳನ್ನೂ ದಾಖಲಿಸಿತು. ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಒರಟು ಗಂಟುಗಳು, ವರ್ಷಗಳು ಕಳೆದಂತೆ ಚರ್ಮದ ಕ್ಯಾನ್ಸರ್, ಇದು ಈ ರೋಗದ ನಡೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. 'ನೀರನ್ನು ಕಾಯಿಸಿ ಕುಡಿಯಿರಿ' ಎಂಬ ನಮ್ಮ ಪಠ್ಯಪುಸ್ತಕದ ವಾಕ್ಯ ಇಲ್ಲಿ ಉಪಯೋಗಕ್ಕೆ ಬಾರದು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 0.01 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದು.

ಬಾಂಗ್ಲಾದೇಶದ ಕಥೆಯನ್ನು ಇದರ ಜೊತೆಗಿಟ್ಟು ನೋಡಿ. 1970ರ ದಶಕದಿಂದ ಅಲ್ಲಿ ವಾಂತಿಭೇದಿಯಿಂದ ಸಾಯುವ ಮಕ್ಕಳನ್ನು ಉಳಿಸಲೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ಮತ್ತು ಸರ್ಕಾರ ಸೇರಿ ಕೊಳವೆ ಬಾವಿಗಳನ್ನು ಊರೂರಿಗೆ ಹಾಕಿಸಿದವು. ಕೆರೆಯ ನೀರಿನ ರೋಗಾಣುಗಳಿಂದ ಜನ ಪಾರಾದರು. ಆದರೆ ಆ ಕೊಳವೆಗಳ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. 1993ರಲ್ಲಿ ಅದು ಪತ್ತೆಯಾಯಿತು. ಮುಂದೆ ಸುಮಾರು 50 ಲಕ್ಷ ಕೊಳವೆಗಳನ್ನು ಪರೀಕ್ಷಿಸಿ, ಒಳ್ಳೆಯ ನೀರಿನ ಕೊಳವೆಗೆ ಹಸಿರು ಬಣ್ಣ, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿದರು. ಕೆಂಪು ಬಳಿಸಿಕೊಂಡವು ಸುಮಾರು 14 ಲಕ್ಷ. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆ, ಆದ್ದರಿಂದ ಅದು ಜಾಣ ಉಪಾಯವೇ. ಆದರೆ ಬಣ್ಣ ಕೆಲವು ಮಳೆಗಾಲಗಳಲ್ಲಿ ಮಾಸಿತು, ಹೊಸದಾಗಿ ಕೊರೆದ ಕೊಳವೆಗಳಿಗೆ ಬಣ್ಣವೇ ಬೀಳಲಿಲ್ಲ. ಬಳಿದವರು ತಿರುಗಿ ಬಾರದ ಊರುಗಳಲ್ಲಿ ಹೆಂಗಸರು ಮತ್ತೆ ಹತ್ತಿರದ ಕೊಳವೆಗೇ ಬಿಂದಿಗೆ ಹಿಡಿದರು. ಸದುದ್ದೇಶದಿಂದ ಮಾಡಿದ ಒಂದು ಸೇವೆ ವಿಷ ಕುಡಿಸಿತು. ಅದನ್ನು ತಿದ್ದಲು ಮಾಡಿದ ಸೇವೆ ಬಣ್ಣದೊಡನೆ ಮಾಸಿತು.

ಈಗ ನಮ್ಮ ಒಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಊರಿನ ನೀರನ್ನು ಪರೀಕ್ಷಿಸಲು ಹೊರಟರೆಂದು ಭಾವಿಸೋಣ. ರಸಾಯನ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಸತುವಿನ ಪುಡಿ ಮತ್ತು ಆಮ್ಲ ಸೇರಿದಾಗ ನೀರಿನ ಆರ್ಸೆನಿಕ್ ಅನಿಲವಾಗಿ ಮೇಲೇಳುತ್ತದೆ, ಔಷಧ ಹಚ್ಚಿದ ಕಾಗದದ ತುಂಡನ್ನು ಹಳದಿಯಿಂದ ಕಂದಿಗೆ ತಿರುಗಿಸುತ್ತದೆ. ಆ ಅನಿಲವೂ ಆ ಕಾಗದವೂ ವಿಷಕಾರಿ. ಆದ್ದರಿಂದ ತರಬೇತಿ ಪಡೆದ ಅಧ್ಯಾಪಕರೇ ಬಯಲು ಗಾಳಿಯಲ್ಲಿ ಅದನ್ನು ಮಾಡಬೇಕು, ಮಕ್ಕಳು ನೀರು ತರುವುದು, ಗುರುತು ಹಾಕುವುದು, ಬಣ್ಣ ಹೋಲಿಸಿ ಬರೆದಿಡುವುದು ಇಷ್ಟನ್ನೇ ಮಾಡಬೇಕು. ಸಂಶಯ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕಿಟ್ಟಿನ ಕಾಗದ ಅನುಮಾನವನ್ನು ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು.

ಕಾಗದ ಕಂದಾಯಿತು. ಆಗ ಏನು? ನಿಜವಾದ ಪಾಠ ಶುರುವಾಗುವುದು ಇಲ್ಲಿಂದ. ಆ ಕೊಳವೆಯಿಂದಲೇ ನೀರು ಒಯ್ಯುವ ಅವ್ವನಿಗೆ ಇದನ್ನು ಹೇಳಬೇಕೇ, ಬೇಡವೇ? ಹೇಳಿದರೆ ಅವಳು ಕೇಳುವ ಮೊದಲ ಪ್ರಶ್ನೆ, 'ಹಾಗಾದ್ರ ಎಲ್ಲಿ ನೀರು ತರ್ಲಿ?' ಎಂದು. ಅದಕ್ಕೆ ಉತ್ತರವಿಲ್ಲದೆ ಹೇಳಿದರೆ ಭಯವನ್ನಷ್ಟೇ ಕೊಟ್ಟಂತಾಯಿತು. ಹೇಳದಿದ್ದರೆ ತಿಳಿದೂ ವಿಷ ಕುಡಿಸಿದಂತಾಯಿತು. ಅಂಕ ಪಡೆಯಲು ಬಂದ ಹದಿನಾಲ್ಕು ವರ್ಷದ ಮಗುವಿನ ಮೇಲೆ ಈ ಭಾರ ಹಾಕಬಹುದೇ? ಹಾಕಬಾರದು ಎಂದು ನನ್ನ ಅಭಿಪ್ರಾಯ. ಭಾರವನ್ನು ಶಾಲೆ ಹೊರಬೇಕು. ಅಂದರೆ, ಫಲಿತಾಂಶ ಬಂದ ಮೇಲೆ ಯಾರ ಬಳಿ ಹೋಗಬೇಕು, ಬದಲಿ ನೀರಿನ ಮೂಲ ಯಾವುದು, ಪಂಚಾಯಿತಿಯ ನೀರುಗಂಟಿ ಏನು ಹೇಳುತ್ತಾನೆ, ಇವನ್ನೆಲ್ಲ ವಿಚಾರಿಸಿಕೊಂಡ ಮೇಲೆಯೇ ಮಕ್ಕಳ ಕೈಗೆ ಬಾಟಲಿ ಕೊಡಬೇಕು. ಉತ್ತರ ಕೇಳಿಸಿಕೊಳ್ಳುವ ಸಿದ್ಧತೆಯಿಲ್ಲದವರು ಪ್ರಶ್ನೆ ಕೇಳಲು ಊರಿಗೆ ಹೋಗಬಾರದು.

ದಾರಿಗಳು ಇಲ್ಲದಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡು ಮಾಡಲಾಯಿತು. ಶಾಲೆಯು ತಾನೇ ವಿಜ್ಞಾನಿಯೆಂದು ಮೆರೆಯದೆ ಆ ಹೆಂಗಸರ ಜೊತೆ ಸೇರಿಕೊಳ್ಳಬಹುದು. ಕರ್ನಾಟಕದ ಪಂಚಾಯಿತಿಗಳಲ್ಲಿ 2006ರಿಂದ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಆದೇಶವಿದೆ. ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ತಮ್ಮದೇ ಪಂಚಾಯಿತಿ ಕಟ್ಟಿಕೊಂಡು, ಮಳೆಗಾಲದಲ್ಲಿ ಶಾಲೆಗೆ ಹೋಗಲು ಕಾಲುಸಂಕ ಬೇಕೆಂದು ಲೆಕ್ಕ ಹಿಡಿದು ಕೇಳಿದ್ದು ಘಟ್ಟದ ಕೆಳಗಿನವರಿಗೆ ಗೊತ್ತಿರುವ ವಿಷಯ. ನೀರಿನ ಪಟ್ಟಿಯನ್ನು ಅಂಥ ಸಭೆಯಲ್ಲಿ ಮಕ್ಕಳೇ ಓದಿ ನಡವಳಿಯಲ್ಲಿ ಬರೆಸಿದರೆ, ಅದು ಶಾಲೆಯ ವಾರ್ಷಿಕ ವರದಿಯ ಅಲಂಕಾರವಾಗಿ ಉಳಿಯುವುದಿಲ್ಲ, ಪಂಚಾಯಿತಿ ಉತ್ತರ ಕೊಡಬೇಕಾದ ಕಾಗದವಾಗುತ್ತದೆ.

ಇಲ್ಲಿ ಯಾರೋ ಕೇಳಬಹುದಾದ, ಬಹುಶಃ ಕೆಲವರು ಮನಸ್ಸಿನಲ್ಲಿ ಈಗಾಗಲೇ ಕೇಳಿಕೊಳ್ಳುತ್ತಿರುವ ಪ್ರಶ್ನೆಗೆ ಬರುತ್ತೇನೆ. ಕ್ರೈಸ್ತ ಶಾಲೆಯು ತಾಂಡಾಕ್ಕೆ ಬಂದರೆ ಅದು ನೀರಿಗೋ, ಮತಕ್ಕೋ? ಈ ಸಂಶಯವನ್ನು ದ್ವೇಷದಿಂದ ಹಬ್ಬಿಸುವವರಿದ್ದಾರೆ, ಅವರಿಗೆ ನಾನು ಉತ್ತರಿಸಲಾರೆ. ಆದರೆ ಸಂಶಯ ತಾನಾಗಿ ಹುಟ್ಟಿದಲ್ಲಿ ಅದನ್ನು ಅವಮಾನವೆಂದು ತಿಳಿಯಬಾರದು. ಬಡವನಿಗೆ ಕೊಡುವವನ ಕೈಯನ್ನು ನೋಡುವ ಹಕ್ಕಿದೆ. ನನ್ನ ಒರೆಗಲ್ಲು ಇಷ್ಟು: ಸಹಾಯ ಬೇಡವೆಂದು ಹೇಳಿದ ಮನೆಗೂ ನೀರಿನ ಫಲಿತಾಂಶ ತಲುಪಿತೇ? ಕೆಲಸದ ಕಾಗದಪತ್ರ ಊರಿನ ಹೆಸರಿನಲ್ಲಿದೆಯೇ, ಸಂಸ್ಥೆಯ ಹೆಸರಿನಲ್ಲಿದೆಯೇ? ಕೆಲಸದ ಹೊತ್ತಿನಲ್ಲಿ ಪ್ರಾರ್ಥನೆಯೋ ಪ್ರಚಾರವೋ ನುಸುಳಿತೇ? ಇವೇ ಪ್ರಶ್ನೆಗಳನ್ನು ಮಠದ ಶಾಲೆಗಳಿಗೂ, ಸರ್ಕಾರಿ ಶಿಬಿರಗಳಿಗೂ, ಹೌದು, ನಮ್ಮಂಥ ಪರಿಸರ ಬಳಗಗಳಿಗೂ ಹಾಕಬೇಕು. ನಾವೂ ಒಂದು ಮತದವರಂತೆಯೇ ವರ್ತಿಸುವುದುಂಟು. ಮರವನ್ನು ಕುರಿತ ಘೋಷಣೆ ಕೂಗಿಸದೆ ಊರಿಗೆ ಸಸಿ ಕೊಡಲಾರೆವು.

ಇನ್ನು ಹತ್ತಿಕುಣಿಯ ಸುತ್ತಲಿನ ಶಾಲೆಗಳು ಏನು ಮಾಡಬಹುದೆಂಬುದಕ್ಕೆ ಬಂದು ಮುಗಿಸುತ್ತೇನೆ. ಈ ಜಲಾಶಯದ ನೀರು ಎಲ್ಲಿಯವರೆಗೆ ತಲುಪುತ್ತದೆ, ಕಾಲುವೆಯ ಕೊನೆಯ ಹೊಲಕ್ಕೆ ಯಾವ ತಿಂಗಳವರೆಗೆ ಬರುತ್ತದೆ ಎಂಬುದನ್ನು ಕೊನೆಯ ಹೊಲದ ರೈತನಿಂದಲೇ ಕೇಳಿ ಬರೆದಿಡಬಹುದು; ಭೂಗೋಳ ಮತ್ತು ಗಣಿತ ಎರಡೂ ಅದರಲ್ಲಿವೆ. ಗುಳೆ ಹೋದ ಗೆಳೆಯನ ಪಾಠಗಳನ್ನು ಸಹಪಾಠಿಗಳು ಬರೆದಿಟ್ಟು, ಅವನು ಮರಳಿದಾಗ ತಿಂಗಳೊಂದು ಜೊತೆಗೆ ಕುಳಿತು ಕಲಿಯಬಹುದು. ಇದು ಸೇವೆಯ ಪಟ್ಟಿಯಲ್ಲಿ ಸೇರುವಷ್ಟು ದೊಡ್ಡದಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗುಳೆಯ ಮಗುವನ್ನು ಹಾಜರಿ ಪುಸ್ತಕದಲ್ಲಿ ಉಳಿಸುವುದಕ್ಕಿಂತ ದೊಡ್ಡ ಕೆಲಸ ಈ ಜಿಲ್ಲೆಯ ಶಾಲೆಗೆ ಇನ್ನೊಂದಿಲ್ಲ. ಸುರಪುರದ ಕಡೆಯವರಿಗೆ ಬೋನಾಳದ ಕೆರೆಯಿದೆ. ಸುರಪುರದ ನಾಯಕರ ಕಾಲದ ಆ ಕೆರೆ ಇಂದು ಪಕ್ಷಿಧಾಮವಾಗಿದೆ. ಹಕ್ಕಿ ಎಣಿಸುವವರು ಮೀನುಗಾರನನ್ನೂ ಕೆರೆಯ ಕೆಳಗಿನ ರೈತನನ್ನೂ ಒಮ್ಮೆ ಮಾತನಾಡಿಸಲಿ.

ನೀರಿನ ವಿಷಯದಲ್ಲಿ ನನ್ನ ಸಲಹೆ ತೀರ ಸಣ್ಣದು. ಶಾಲೆಯಲ್ಲಿ ಒಂದು ದಪ್ಪ ರಟ್ಟಿನ ದಾಖಲೆ ಪುಸ್ತಕವಿರಲಿ. ಊರಿನ ಪ್ರತಿಯೊಂದು ಕೊಳವೆ ಮತ್ತು ಬಾವಿಗೆ ಒಂದೊಂದು ಪುಟ. ಯಾವಾಗ ಕೊರೆದದ್ದು, ಎಷ್ಟು ಆಳ, ಯಾವ ಮನೆಗಳು ಬಳಸುತ್ತವೆ, ಮಳೆಗಾಲಕ್ಕೆ ಮೊದಲು ಮತ್ತು ನಂತರ ಪರೀಕ್ಷೆಯಲ್ಲಿ ಏನು ಬಂತು, ಪಂಚಾಯಿತಿಗೆ ಯಾವ ದಿನ ತಿಳಿಸಿದ್ದು, ಪಂಚಾಯಿತಿ ಏನು ಮಾಡಿತು. ಕೊನೆಯ ಎರಡು ಕಲಮುಗಳನ್ನು ಖಾಲಿ ಬಿಡಬಾರದು. ಏನೂ ಆಗದಿದ್ದರೆ 'ಏನೂ ಆಗಿಲ್ಲ' ಎಂದು ಬರೆಯಬೇಕು. ಎಂಟನೆಯ ತರಗತಿಯವರು ಅದನ್ನು ಆರಂಭಿಸಲಿ, ಅವರು ಹತ್ತಕ್ಕೆ ಬಂದಾಗ ಹೊಸ ಎಂಟನೆಯವರನ್ನು ಕೊಳವೆಯಿಂದ ಕೊಳವೆಗೆ ಕರೆದೊಯ್ದು, ಮನೆಯವರಿಗೆ ಪರಿಚಯ ಹೇಳಿ, ಪುಸ್ತಕವನ್ನು ಒಪ್ಪಿಸಲಿ. ಅಧ್ಯಾಪಕರು ವರ್ಗವಾಗಿ ಹೋಗುತ್ತಾರೆ, ಪಾದ್ರಿಗಳು ಬೇರೆ ಊರಿಗೆ ಹೋಗುತ್ತಾರೆ, ನಮ್ಮಂಥ ಭಾಷಣಕಾರರು ಸಂಜೆಯ ಬಸ್ಸಿಗೆ ಹೋಗುತ್ತೇವೆ. ಆ ಪುಸ್ತಕದ ಇನ್ನೊಂದು ಪ್ರತಿ ಊರಿನ ಹೆಂಗಸರ ಸಂಘದ ಪೆಟ್ಟಿಗೆಯಲ್ಲಿರಲಿ, ಅದರ ಬೀಗದ ಕೈ ಶಾಲೆಯವರ ಹತ್ತಿರ ಇರದಿರಲಿ.

ಪ್ರಶ್ನೆಗಳಿದ್ದರೆ ಕೇಳಿ. ಊಟಕ್ಕೆ ಇನ್ನೂ ಹೊತ್ತಿದೆ.